ವರ್ಷ ಮರೆತರೂ ಸೆಕೆಂಡ್ ಮರೆಯದ ಪೆಟ್ಟಿಗೆ

2017ರ ಜುಲೈ 30, ಭಾನುವಾರ. ಅಮೆರಿಕ, ಯುರೋಪಿನ ಎಷ್ಟೋ ಹವ್ಯಾಸಿಗಳ ಕೆಲಸದ ಮೇಜಿನ ಮೇಲಿದ್ದ ‘ಥಂಡರ್‌ಬೋಲ್ಟ್’ ಎಂಬ ಜಿಪಿಎಸ್ ಗಡಿಯಾರದ ಪೆಟ್ಟಿಗೆ ಅಂದು ಇದ್ದಕ್ಕಿದ್ದಂತೆ 1997ರ ಡಿಸೆಂಬರ್ 14 ಎಂದು ತಾರೀಕು ಹೇಳತೊಡಗಿತು. ಒಂದೇ ನೆಗೆತಕ್ಕೆ ಹತ್ತೊಂಬತ್ತೂವರೆ ವರ್ಷ ಹಿಂದೆ! ಆದರೆ ವಾರ ತಪ್ಪಿರಲಿಲ್ಲ, 1997ರ ಆ ದಿನವೂ ಭಾನುವಾರವೇ. ಸೆಕೆಂಡಂತೂ ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಪೆಟ್ಟಿಗೆ ಇಟ್ಟುಕೊಂಡವರಿಗೆ ಅದರಿಂದ ಬೇಕಿದ್ದುದೂ ಆ ಸೆಕೆಂಡೇ. ವರ್ಷ ಯಾವುದೆಂದು ತಿಳಿಯಲು ಗೋಡೆಯ ಮೇಲೆ ಕ್ಯಾಲೆಂಡರ್ ಇದೆಯಲ್ಲ.

ಹೀಗಾದದ್ದೇಕೆ? ಜಿಪಿಎಸ್ ಉಪಗ್ರಹಗಳು 1980ರ ಜನವರಿ 6ರಿಂದ ವಾರಗಳನ್ನು ಎಣಿಸುತ್ತ ಬಂದಿವೆ. ಎಣಿಕೆಗೆ ಕೊಟ್ಟ ಜಾಗ ಬರೀ ಹತ್ತು ಬಿಟ್. ಸೊನ್ನೆಯಿಂದ 1023ರವರೆಗೆ ಏರಿ ಮತ್ತೆ ಸೊನ್ನೆಗೆ ಬರಬೇಕು. ಉಪಗ್ರಹಗಳ ಎಣಿಕೆ ಹಾಗೆ ತಿರುಗಿದ್ದು 1999ರ ಆಗಸ್ಟ್‌ನಲ್ಲಿ, ಮತ್ತೆ 2019ರ ಏಪ್ರಿಲ್‌ನಲ್ಲಿ. ಈಗ ನಡೆಯುತ್ತಿರುವುದು ಎಷ್ಟನೇ ಸುತ್ತು ಎಂಬುದನ್ನು ರಿಸೀವರ್ ತಾನೇ ಊಹಿಸಿಕೊಳ್ಳಬೇಕು. ಥಂಡರ್‌ಬೋಲ್ಟ್‌ನ ಊಹೆಯ ಅವಧಿ 2017ಕ್ಕೇ ಮುಗಿಯಿತು, ಅಷ್ಟೆ. ನಮ್ಮ ಅರವತ್ತು ಸಂವತ್ಸರಗಳ ಕಥೆಯೂ ಇದೇ ಅಲ್ಲವೇ? ‘ನಾನು ಪ್ರಭವದಲ್ಲಿ ಹುಟ್ಟಿದ್ದು’ ಎಂದು ಯಾರಾದರೂ ಹೇಳಿದರೆ ಅದು 1927ರದೋ 1987ರದೋ ಎಂದು ಅವರ ಮುಖ ನೋಡಿಯೇ ತಿಳಿಯಬೇಕು. ಶಾಸನದಲ್ಲಿ ಶಕವರ್ಷ ಅಳಿಸಿಹೋಗಿ ಸಂವತ್ಸರದ ಹೆಸರಷ್ಟೇ ಉಳಿದಿದ್ದರೆ ಸಂಶೋಧಕರು ತಲೆ ಕೆಡಿಸಿಕೊಳ್ಳುವುದೂ ಇದಕ್ಕೇ. ಥಂಡರ್‌ಬೋಲ್ಟ್ ಹವ್ಯಾಸಿಗಳು ಅಷ್ಟೇನೂ ತಲೆ ಕೆಡಿಸಿಕೊಳ್ಳಲಿಲ್ಲ. ‘ಲೇಡಿ ಹೆದರ್’ ಎಂಬ ಅವರ ನೆಚ್ಚಿನ ತಂತ್ರಾಂಶ ಪೆಟ್ಟಿಗೆ ಹೇಳಿದ ತಾರೀಕಿಗೆ 1024 ವಾರ ಕೂಡಿಸಿ ತೋರಿಸುತ್ತದೆ.

ಇಂಥ ಪೆಟ್ಟಿಗೆಗಳು ಹುಟ್ಟಿದ್ದು ಮನೆಗಳಿಗಾಗಿ ಅಲ್ಲ. ಥಂಡರ್‌ಬೋಲ್ಟ್ ಟ್ರಿಂಬಲ್ ಕಂಪನಿಯದು. ಇನ್ನೊಂದು ಹೆಸರುವಾಸಿ ಪೆಟ್ಟಿಗೆ ಹ್ಯೂಲೆಟ್ ಪ್ಯಾಕರ್ಡ್‌ನ ಜ಼ಡ್3801ಎ, ಮೊಬೈಲ್ ಟವರ್‌ಗಳ ಬುಡದಲ್ಲಿ ಹಗಲಿರುಳು ದುಡಿದದ್ದು. ಸಿಡಿಎಂಎ ಪದ್ಧತಿಯಲ್ಲಿ ಟವರ್‌ಗಳೆಲ್ಲ ಒಂದೇ ತಾಳಕ್ಕೆ ನಡೆಯಬೇಕು; ಹೊಂದಾಣಿಕೆ ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಮೂರರೊಳಗೆ ಇರಬೇಕೆಂಬುದು ನಿಯಮ. ಅಷ್ಟು ನಿಖರವಾದ ಹೊತ್ತನ್ನು ಪ್ರತಿ ಟವರ್‌ಗೂ ಅಗ್ಗವಾಗಿ ಮುಟ್ಟಿಸಲು ಸಿಕ್ಕಿದ ದಾರಿ ಜಿಪಿಎಸ್. ನಮ್ಮಲ್ಲಿ 2003ರ ಸುಮಾರಿಗೆ ಮನೆಮನೆಗೆ ಬಂದ ರಿಲಯನ್ಸ್‌ನ ಸಿಡಿಎಂಎ ಫೋನು ನೆನಪಿದೆಯೇ? ಅದಕ್ಕೆ ಯಾರೂ ಟೈಮ್ ಸೆಟ್ ಮಾಡಬೇಕಿರಲಿಲ್ಲ, ಟವರ್ ಕೊಟ್ಟ ಹೊತ್ತನ್ನೇ ಅದು ತೋರಿಸುತ್ತಿತ್ತು. ಆಕಾಶವಾಣಿಯ ಪೀಂ ಪೀಂ ಕೇಳಿ ಗಡಿಯಾರ ಸರಿಪಡಿಸಿಕೊಳ್ಳುತ್ತಿದ್ದವರು ಮೆಲ್ಲಗೆ ಫೋನು ನೋಡಿ ಸರಿಪಡಿಸಿಕೊಳ್ಳತೊಡಗಿದರು. ಹೀಗೆ ಆಗಲೇ ನಾವು ಜಿಪಿಎಸ್ ಹೊತ್ತಿಗೆ ಒಗ್ಗಿದ್ದೆವು, ತಿಳಿದಿರಲಿಲ್ಲ ಅಷ್ಟೆ.

ನೆಟ್‌ವರ್ಕ್‌ಗಳು ಹೊಸದಾದಂತೆ ಟವರ್‌ಗಳಿಂದ ಕಳಚಿದ ಸಾಮಾನು ಗುಜರಿ ಸೇರಿತು. ಅಲ್ಲಿಂದ ಈ ಪೆಟ್ಟಿಗೆಗಳನ್ನು ಹೆಕ್ಕಿ ತಂದವರು ಹ್ಯಾಮ್ ರೇಡಿಯೊದವರು, ಎಲೆಕ್ಟ್ರಾನಿಕ್ಸ್ ಹುಚ್ಚು ಹಿಡಿಸಿಕೊಂಡವರು. ಹಿಂದೆ ಪ್ರಯೋಗಾಲಯಗಳಿಗೆ ಮಾತ್ರ ದಕ್ಕುತ್ತಿದ್ದ ನಿಖರತೆ ಹಳೆಯ ಟಿವಿಯೊಂದರ ಬೆಲೆಗೆ ಅಟ್ಟ ಹತ್ತಿತು.

ಜಿಪಿಎಸ್ ಎಂದರೆ ನಮಗೆ ದಾರಿ ತೋರಿಸುವ ಸಾಧನ. ಅದರ ಹೊಟ್ಟೆಯೊಳಗಿರುವುದು ಗಡಿಯಾರ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಪರಮಾಣು ಗಡಿಯಾರ ಹೊತ್ತು ಸುತ್ತುವ ಉಪಗ್ರಹಗಳು ‘ಈಗ ಹೊತ್ತು ಇಷ್ಟು’ ಎಂದು ಕೂಗುತ್ತಲೇ ಇರುತ್ತವೆ. ಯಾರ ಕೂಗು ಎಷ್ಟು ತಡವಾಗಿ ತಲುಪಿತು ಎಂಬುದರಿಂದ ದೂರ ತಿಳಿಯುತ್ತದೆ. ನ್ಯಾನೋಸೆಕೆಂಡ್, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗ. ಅಷ್ಟರಲ್ಲಿ ಬೆಳಕು ಕ್ರಮಿಸುವುದು 30 ಸೆಂಟಿಮೀಟರ್. ರಿಸೀವರ್‌ಗೆ ತನ್ನ ಜಾಗದ ಮೂರು ಅಳತೆಗಳ ಜೊತೆ ತನ್ನದೇ ಗಡಿಯಾರದ ತಪ್ಪೂ ಗೊತ್ತಿರುವುದಿಲ್ಲ. ನಾಲ್ಕು ಪ್ರಶ್ನೆ, ಆದ್ದರಿಂದ ನಾಲ್ಕು ಉಪಗ್ರಹ ಬೇಕು. ಕಾಲಮಾಪನದ ರಿಸೀವರ್ ಮಾಡುವ ಜಾಣತನ ಇಲ್ಲಿದೆ. ಮೊದಲು ಅದು ಕೂತಲ್ಲೇ ಕೂತು ತನ್ನ ಜಾಗವನ್ನು ಮತ್ತೆ ಮತ್ತೆ ಅಳೆಯುತ್ತದೆ, ಥಂಡರ್‌ಬೋಲ್ಟ್ ಆದರೆ ಎರಡು ಸಾವಿರ ಸಲ. ಸರಾಸರಿ ತೆಗೆದು ‘ನಾನಿರುವುದು ಇಲ್ಲೇ, ಇನ್ನು ಕದಲುವುದಿಲ್ಲ’ ಎಂದು ಗಟ್ಟಿ ಮಾಡಿಕೊಳ್ಳುತ್ತದೆ. ಆಮೇಲೆ ಉಳಿಯುವುದು ಒಂದೇ ಪ್ರಶ್ನೆ. ಅದಕ್ಕೆ ಒಂದೇ ಉಪಗ್ರಹ ಸಾಕು, ಎಂಟು ಕಂಡರೆ ಎಂಟೂ ಸೇರಿ ಉತ್ತರ ಇನ್ನಷ್ಟು ಹದವಾಗುತ್ತದೆ.

ಹೀಗೆ ಸೆಕೆಂಡಿಗೊಂದು ಮಿಡಿತ ಹೊರಡುತ್ತದೆ. ಬಿಡಿಬಿಡಿಯಾಗಿ ನೋಡಿದರೆ ಈ ಮಿಡಿತಗಳು ಹತ್ತಾರು ನ್ಯಾನೋಸೆಕೆಂಡ್ ಹಿಂದೆ ಮುಂದೆ ತಡವರಿಸುತ್ತವೆ. ದಿನಗಟ್ಟಲೆ ನೋಡಿದರೆ ದಾರಿ ಬಿಡುವುದಿಲ್ಲ. ಪೆಟ್ಟಿಗೆಯೊಳಗಿನ ಕ್ವಾರ್ಟ್ಜ್ ಹರಳಿನ ಸ್ವಭಾವ ಇದಕ್ಕೆ ತಿರುಗುಮುರುಗು. ಸೆಕೆಂಡಿಗೆ ಒಂದು ಕೋಟಿ ಸಲ ಕಂಪಿಸುವ ಅದು ಕ್ಷಣದಿಂದ ಕ್ಷಣಕ್ಕೆ ಬಲು ನಯ, ಆದರೆ ವಯಸ್ಸಾದಂತೆ, ಸೆಕೆ ಚಳಿಗಳಿಗೆ ಸಿಕ್ಕಂತೆ ಜಾರುತ್ತದೆ. ಸೆಕೆ ಚಳಿ ತಟ್ಟದಿರಲೆಂದು ಅದನ್ನು ಸದಾ ಒಂದೇ ಬಿಸಿಯಲ್ಲಿರುವ ಪುಟ್ಟ ಓವನ್‌ನಲ್ಲಿ ಕೂರಿಸಿರುತ್ತಾರೆ. ಉಳಿದ ಜಾರುವಿಕೆಯನ್ನು ಜಿಪಿಎಸ್ ತಿದ್ದುತ್ತದೆ. ಪಳಗಿದ ಎತ್ತು ಹೂಡಿದ ರೈತ ಹೆಜ್ಜೆಹೆಜ್ಜೆಗೂ ಹಗ್ಗ ಜಗ್ಗುವುದಿಲ್ಲ, ಸಾಲು ಕೊಂಚ ಓರೆಯಾದಾಗ ಮೆಲ್ಲಗೆ ಎಳೆಯುತ್ತಾನೆ. ಹಗ್ಗ ಎಷ್ಟು ಸಡಿಲವಿರಬೇಕು ಎಂಬುದನ್ನು ಹದ ಮಾಡುವುದರಲ್ಲೇ ಈ ಹವ್ಯಾಸಿಗಳ ಸಂಜೆಗಳು ಕಳೆಯುತ್ತವೆ.

ಓವನ್ ಹರಳಿಲ್ಲದ ಬರೀ ರಿಸೀವರ್‌ಗಳ ಕಥೆಯೂ ಚೆನ್ನಾಗಿದೆ. ತೊಂಬತ್ತರ ದಶಕದ ಮೊಟೊರೋಲಾ ಆನ್‌ಕೋರ್‌ಗೆ ತನ್ನೊಳಗಿನ ಗಡಿಯಾರದ ಟಿಕ್ ಬಿದ್ದಾಗ ಮಾತ್ರ ಮಿಡಿತ ಕೊಡಲು ಸಾಧ್ಯ. ನಿಜವಾದ ಸೆಕೆಂಡು ಎರಡು ಟಿಕ್‌ಗಳ ನಡುವೆ ಬಿದ್ದರೆ ಅಷ್ಟು ತಪ್ಪು. ಆದರೆ ಪ್ರಾಮಾಣಿಕ ಪ್ರಾಣಿ: ‘ಮುಂದಿನ ಮಿಡಿತ ಇಷ್ಟು ನ್ಯಾನೋಸೆಕೆಂಡ್ ತಪ್ಪಲಿದೆ’ ಎಂದು ಇನ್ನೊಂದು ತಂತಿಯಲ್ಲಿ ಮೊದಲೇ ಹೇಳಿಬಿಡುತ್ತದೆ. ಅದನ್ನು ಕಳೆದುಕೊಂಡರಾಯಿತು. ಅಮೆರಿಕದ ನಾಸಾದಲ್ಲಿದ್ದ, ಸ್ವತಃ ಹ್ಯಾಮ್ ಆಗಿದ್ದ ಟಾಮ್ ಕ್ಲಾರ್ಕ್ ಇಂಥ ರಿಸೀವರ್ ಬಳಸಿ, ದೂರದೂರದ ರೇಡಿಯೊ ದೂರದರ್ಶಕಗಳನ್ನು ಒಂದೇ ಹೊತ್ತಿಗೆ ಹೊಂದಿಸುವ ಅಗ್ಗದ ಗಡಿಯಾರ ಕಟ್ಟಿದರು. ಇಟ್ಟ ಹೆಸರು ‘ಟೋಟಲಿ ಅಕ್ಯುರೇಟ್ ಕ್ಲಾಕ್’. ವಿಜ್ಞಾನಿಗಳಿಗೂ ತಮಾಷೆ ಬರುತ್ತದೆ.

ಇಷ್ಟೆಲ್ಲ ಯಾಕೆ ಎನ್ನುವವರಿಗೆ ಒಂದೆರಡು ಉಪಯೋಗ ಹೇಳಬಹುದು. ಹತ್ತು ಗಿಗಾಹರ್ಟ್ಜ್‌ನಲ್ಲಿ ಮಾತಾಡುವ ಹ್ಯಾಮ್‌ಗೆ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ಗೆಳೆಯನ ದನಿ ಹತ್ತು ಕಿಲೋಹರ್ಟ್ಜ್ ಆಚೆ. ಸೆಕೆಂಡಿನ ಮಿಡಿತವನ್ನು ಪುಟ್ಟ ಕಂಪ್ಯೂಟರ್‌ಗೆ ಜೋಡಿಸಿದರೆ ಮನೆಯೇ ಒಂದು ಟೈಮ್ ಸರ್ವರ್. ಆದರೆ ನಿಜವಾದ ಕಾರಣ ಉಪಯೋಗ ಅಲ್ಲವೆಂದೇ ನನ್ನ ಅನಿಸಿಕೆ. 2005ರಲ್ಲಿ ಟಾಮ್ ವಾನ್ ಬಾಕ್ ಎಂಬ ಅಮೆರಿಕದ ಹವ್ಯಾಸಿ ಮೂರು ಸೀಸಿಯಂ ಪರಮಾಣು ಗಡಿಯಾರಗಳನ್ನೂ ಮೂವರು ಮಕ್ಕಳನ್ನೂ ವ್ಯಾನಿನಲ್ಲಿ ತುಂಬಿಕೊಂಡು ಮೌಂಟ್ ರೇನಿಯರ್ ಬೆಟ್ಟಕ್ಕೆ ಹೋಗಿ ವಾರಾಂತ್ಯ ಕಳೆದು ಬಂದರು. ಐನ್‌ಸ್ಟೈನ್ ಹೇಳಿದಂತೆ ಎತ್ತರದಲ್ಲಿ ಕಾಲ ಕೊಂಚ ಬೇಗ ಓಡಿತ್ತು. ಮನೆಯ ಗಡಿಯಾರಗಳಿಗಿಂತ ಬೆಟ್ಟದವು ಸುಮಾರು 22 ನ್ಯಾನೋಸೆಕೆಂಡ್ ಮುಂದೆ. ಇದರಿಂದ ಯಾರಿಗೆ ಏನು ಉಪಯೋಗವಾಯಿತು ಎಂದು ಕೇಳುವುದು ಅರಸಿಕತನ.

ಪೆಟ್ಟಿಗೆ ಸರಿಯಿದ್ದರೂ ಆಕಾಶ ತಪ್ಪು ಹೇಳಬಹುದು. 2016ರ ಜನವರಿ 26ರಂದು ಅಮೆರಿಕನ್ನರು ಹಳೆಯ ಜಿಪಿಎಸ್ ಉಪಗ್ರಹವೊಂದನ್ನು ನಿವೃತ್ತಿಗೊಳಿಸುವಾಗ ಹಲವು ಉಪಗ್ರಹಗಳು ಜಿಪಿಎಸ್ ಹೊತ್ತನ್ನು ಲೋಕದ ಹೊತ್ತಿಗೆ ಬದಲಿಸುವ ಲೆಕ್ಕವನ್ನು ತಪ್ಪಾಗಿ ಸಾರಿದವು. ಅಂತರ ಸುಮಾರು 13 ಮೈಕ್ರೋಸೆಕೆಂಡ್. ದಾರಿ ಹುಡುಕುವವರಿಗೆ ಏನೂ ತಿಳಿಯಲಿಲ್ಲ. ಹೊತ್ತು ನಂಬಿದ್ದ ಟೆಲಿಕಾಂ ಯಂತ್ರಗಳು ಮಾತ್ರ ಅಲ್ಲಲ್ಲಿ ಗಂಟೆಗಟ್ಟಲೆ ಎಚ್ಚರಿಕೆಯ ಗಂಟೆ ಬಾರಿಸಿದವು.

ಕರ್ನಾಟಕದಲ್ಲಿ ಇಂಥ ಪೆಟ್ಟಿಗೆ ಇಟ್ಟುಕೊಳ್ಳುವವರಿಗೆ ಇನ್ನೊಂದು ತಕರಾರು ಇದೆ. ನಮ್ಮ ನೆಲ ಭೂಕಾಂತೀಯ ಸಮಭಾಜಕಕ್ಕೆ ಹತ್ತಿರ. ಉಪಗ್ರಹದ ದನಿಯನ್ನು ತಡವಾಗಿಸುವ ಅಯಾನುಗೋಳ ಇಲ್ಲಿ ದಟ್ಟ. ಸೂರ್ಯ ಮುಳುಗಿದ ಮೇಲೆ, ಮುಖ್ಯವಾಗಿ ಸೂರ್ಯನ ಚಟುವಟಿಕೆ ಏರಿದ ವರ್ಷಗಳ ವಿಷುವದ ಆಸುಪಾಸಿನಲ್ಲಿ, ಅದು ಕುದಿಯುವ ಎಸರಿನಂತೆ ಗುಳ್ಳೆಯೇಳುತ್ತದೆ. ಉಪಗ್ರಹದ ದನಿ ಮಿನುಗುತ್ತದೆ, ಕೆಲವೊಮ್ಮೆ ಕೈತಪ್ಪುತ್ತದೆ. ಒಂದೇ ತರಂಗಾಂತರ ಕೇಳಬಲ್ಲ ಹಳೆಯ ರಿಸೀವರ್‌ಗೆ ದನಿಯ ಈ ತಡವನ್ನು ಅಳೆಯಲಾಗದು, ಉಪಗ್ರಹ ಕಳಿಸುವ ಅಂದಾಜು ಸೂತ್ರವನ್ನೇ ನಂಬಬೇಕು. ಆ ಸೂತ್ರ ತಪ್ಪಿನ ಅರ್ಧದಷ್ಟನ್ನು ತೊಡೆದರೆ ಹೆಚ್ಚು. ಅಂಥ ರಾತ್ರಿ ಓವನ್‌ನಲ್ಲಿ ಕೂತ ಹರಳೇ ಗತಿ.

ಬೆಂಗಳೂರಿನ ಹೊರಗೆ, ಬ್ಯಾಲಾಳುವಿನಲ್ಲಿ ಇಸ್ರೋದ ಸಂಚರಣಾ ಕೇಂದ್ರವಿದೆ. 2013ರ ಮೇ 28ರಂದು ಉದ್ಘಾಟನೆಯಾದ ಅದು ನಮ್ಮದೇ ‘ನಾವಿಕ್’ ಉಪಗ್ರಹಗಳ ಬೆನ್ನೆಲುಬು. ನಾವಿಕ್‌ಗೂ ತನ್ನದೇ ಹೊತ್ತು ಇದೆ. ಅದರ ಮೊದಲ ಸೆಕೆಂಡ್ ಎಂದು ಆರಿಸಿಕೊಂಡದ್ದು ಜಿಪಿಎಸ್‌ನ ವಾರದೆಣಿಕೆ ಮೊದಲ ಸಲ ಸೊನ್ನೆಗೆ ಮರಳಿದ ಗಳಿಗೆಯನ್ನೇ: ನಮ್ಮ ಗಡಿಯಾರದಲ್ಲಿ 1999ರ ಆಗಸ್ಟ್ 22, ಭಾನುವಾರ ಬೆಳಗಿನ 5 ಗಂಟೆ 29 ನಿಮಿಷ 47 ಸೆಕೆಂಡ್. ವಾರ ಎಣಿಸಲು ಅದಕ್ಕೂ ಕೊಟ್ಟಿರುವುದು ಹತ್ತೇ ಬಿಟ್.