ಅವ್ವನ ಸೆರಗಿನ ಕೆಂಪು

ನಿಮ್ಮ ಮನೆಯ ಟಿವಿ ಸುಳ್ಳು ಹೇಳುತ್ತದೆ ಎಂದರೆ ನಂಬುತ್ತೀರಾ? ಸುದ್ದಿ ಚಾನೆಲ್ ವಿಷಯವಲ್ಲ, ಬಣ್ಣದ ವಿಷಯ!

ಅಲ್ ಮುರಕ್ಕಬಾತ್‌ನಲ್ಲಿರುವ ನನ್ನ ಗೆಳೆಯ ಕಲರ್ ಗ್ರೇಡಿಂಗ್ ಮಾಡುತ್ತಾನೆ. ಅಂದರೆ ಶೂಟಿಂಗ್ ಆದ ಮೇಲೆ ಒಂದೊಂದು ದೃಶ್ಯದ ಬಣ್ಣ, ಬೆಳಕು ಹೊಂದಿಸುವ ಕೆಲಸ. ಅವನು ನೋಡುವುದು ತನ್ನ ಪುಟ್ಟ ಮಾನಿಟರ್. ಸೋಫಾದಲ್ಲಿ ಕೂತ ಗಿರಾಕಿ ನೋಡುವುದು ಗೋಡೆಯ ಟಿವಿ. ಹುಬ್ಬಳ್ಳಿ ಕಡೆಯ ಒಬ್ಬರು ತಮ್ಮ ಮದುವೆ ವಿಡಿಯೋ ಸರಿಮಾಡಿಸಲು ಬಂದಿದ್ದರು. ಅದರಲ್ಲಿ ಓಡಾಡುವ ಅವರ ತಾಯಿ ಈಗಿಲ್ಲ. ಟಿವಿ ನೋಡಿ "ನಮ್ಮ ಅವ್ವನ ಸೆರಗು ಇಷ್ಟು ಕೆಂಪ ಇರಲಿಲ್ರೀ" ಎಂದರು. ಗೆಳೆಯ ಕೆಂಪು ಇಳಿಸಿದ. ಅವರು ಮನೆಗೆ ಹೋಗಿ ಲ್ಯಾಪ್‌ಟಾಪ್‌ನಲ್ಲಿ ನೋಡಿದರೆ ಇಳಕಲ್ ಸೆರಗು ಇಟ್ಟಿಗೆ ಬಣ್ಣ! ಎರಡು ರಾತ್ರಿಯ ಕೆಲಸ ನೀರುಪಾಲು. ಹೊಸ ಟಿವಿ ಆರಿಸಲು, ಇಂಜಿನಿಯರ್ ಎಂಬ ಕಾರಣಕ್ಕೆ, ನನ್ನನ್ನು ಎಳೆದೊಯ್ದ.

ಅಂಗಡಿಯಲ್ಲಿ ಟಿವಿಗಳೆಲ್ಲ ವಿವಿಡ್ ಮೋಡ್‌ನಲ್ಲಿ. ಅಲ್ಲಿನ ಬೆಳಕಿನಲ್ಲಿ ಎದ್ದು ಕಾಣಲೆಂದು ಬಣ್ಣ, ಹೊಳಪು ಏರಿಸಿ, ಬಿಳಿಗೆ ನೀಲಿ ಬೆರೆಸಿರುತ್ತಾರೆ (ನಮ್ಮಮ್ಮ ಪಂಚೆಗೆ ನೀಲಿ ಹಾಕುತ್ತಿದ್ದ ಹಾಗೆ!). ಮೊದಲು ಕಣ್ಣು ಸೆಳೆಯುವ ಟಿವಿ ಈ ಕೆಲಸಕ್ಕೆ ಬೇಡ. ಎಚ್‌ಡಿ ವಿಡಿಯೋ ಬಣ್ಣಕ್ಕೆ ರೆಕ್ 709 ಎಂಬ ಅಳತೆಗೋಲಿದೆ. ಬಿಳಿ ಎಂದರೆ ಸುಮಾರು 6500 ಕೆಲ್ವಿನ್, ಗ್ರೇಡಿಂಗ್ ಕೋಣೆಯಲ್ಲಿ ಹೊಳಪು 100 ನಿಟ್ಸ್. ಅಷ್ಟಕ್ಕೆ ಬಗ್ಗುವ ಟಿವಿ ಬೇಕು.

55 ಇಂಚಿನ ಓಎಲ್‌ಇಡಿ ತಂದೆವು. ಅದರಲ್ಲಿ ಕಪ್ಪು ನಿಜವಾಗಿ ಕಪ್ಪು. ಸೋಫಾದ ತುದಿಯಲ್ಲಿ ಕೂತವರಿಗೂ ಬಣ್ಣ ಅಷ್ಟಾಗಿ ಕೆಡುವುದಿಲ್ಲ. ಫಿಲ್ಮ್‌ಮೇಕರ್ ಮೋಡ್ ಇರುವುದನ್ನೇ ಕೇಳಿ ಪಡೆದೆವು. 2019ರಲ್ಲಿ ಯುಎಚ್‌ಡಿ ಅಲೈಯನ್ಸ್ ಪ್ರಕಟಿಸಿದ ಈ ಮೋಡ್, ಚಲನೆ ನುಣುಪಾಗಿಸುವ, ಅಂಚು ಹರಿತ ಮಾಡುವ "ಉಪಕಾರ"ಗಳನ್ನೆಲ್ಲ ನಿಲ್ಲಿಸುತ್ತದೆ.

ಆದರೂ ಕಪ್ಪು ಬೂದಿಯಂತೆ ಕಂಡಿತು. ಇಲ್ಲಿ ನಾನು ಸ್ವಲ್ಪ ಉಪಯೋಗಕ್ಕೆ ಬಂದೆ! 8 ಬಿಟ್ ವಿಡಿಯೋದಲ್ಲಿ ಕಪ್ಪು 16, ಬಿಳಿ 235. ಕಂಪ್ಯೂಟರ್‌ನಲ್ಲಿ 0 ಮತ್ತು 255. ಕಂಪ್ಯೂಟರ್ ಕಳಿಸುತ್ತಿದ್ದುದು ಮೊದಲ ಲೆಕ್ಕದಲ್ಲಿ, ಟಿವಿ ಓದುತ್ತಿದ್ದುದು ಎರಡನೆಯದರಲ್ಲಿ. ಎರಡನ್ನೂ ಒಂದೇ ಮಾಡಿದೆವು. ಆಮೇಲೆ ಬಣ್ಣ ಅಳೆಯುವ ಪ್ರೋಬ್ ಬಾಡಿಗೆಗೆ ತಂದು ತಾಳೆ ನೋಡಿದೆವು.

ದೋಷವಿಲ್ಲವೆಂದಲ್ಲ. ಒಂದೇ ದೃಶ್ಯ ಬಹಳ ಹೊತ್ತು ನಿಂತರೆ ಟಿವಿ ತಾನಾಗಿಯೇ ಮಂಕಾಗುತ್ತದೆ. ಹಾಗಾಗಿ ಕೊನೆಯ ಮಾತು ಇಂದಿಗೂ ಮಾನಿಟರ್‌ನದೇ.

ಹುಬ್ಬಳ್ಳಿಯವರು ಮತ್ತೆ ಬಂದಾಗ ಆ ಸೀರೆಯನ್ನೇ ತಂದಿದ್ದರು. ಸೆರಗನ್ನು ಟಿವಿ ಪಕ್ಕ ಹಿಡಿದು ನೋಡಿದರು. "ಹಾಂ, ಇದರೀ" ಎಂದರು. ಇನ್ನೊಮ್ಮೆ ಹಾಕಿಸಿಕೊಂಡು ನೋಡಿದರು.

ರಿಮೋಟ್ ಈಗ ಬೀರುವಿನಲ್ಲಿದೆ. ಗೆಳೆಯನ ಮಗ ಕ್ರಿಕೆಟ್ ನೋಡುವಾಗ ವಿವಿಡ್ ಮೋಡ್ ಹಾಕಿಬಿಡುತ್ತಾನೆ.