ಕಾಗದದ ವಾಯೇಜರ್

ಅಮೆರಿಕದ ನಾಸಾ ಸಂಸ್ಥೆಯು ತನ್ನ ಹಲವು ವ್ಯೋಮನೌಕೆಗಳ ಕಾಗದದ ಮಾದರಿಗಳಿಗೆ ಬೇಕಾದ ನಕ್ಷೆಗಳನ್ನು ಅಂತರಜಾಲದ ಮೂಲಕ ಉಚಿತವಾಗಿ ಒದಗಿಸಿದೆ. ಅವನ್ನು ದಪ್ಪ ಕಾಗದದ ಮೇಲೆ ಮುದ್ರಿಸಿ, ಕತ್ತರಿಸಿ, ಮಡಿಸಿ ಅಂಟಿಸಿದರೆ ನೌಕೆಯು ಮೇಜಿನ ಮೇಲೆ ಮೈದಳೆಯುತ್ತದೆ.

1977ರಲ್ಲಿ ಗಗನಕ್ಕೇರಿದ ವಾಯೇಜರ್ ನೌಕೆಯನ್ನೇ ನೋಡಬಹುದು. ಹತ್ತು ಮುಖಗಳುಳ್ಳ ಅದರ ಒಡಲು ಮಡಿಕೆಗಳಿಂದ ಸುಲಭವಾಗಿ ರೂಪುಗೊಳ್ಳುತ್ತದೆ. ತೊಡಕಿರುವುದು ಬೋಗುಣಿಯಂತಹ ಆಂಟೆನಾದಲ್ಲಿ. ಮೂಲನೌಕೆಯಲ್ಲಿ ಅದರ ವ್ಯಾಸ 3.7 ಮೀಟರ್. ಕಾಗದವು ಏಕಕಾಲದಲ್ಲಿ ಎರಡು ದಿಕ್ಕಿಗೆ ಬಾಗದು, ಒತ್ತಾಯಪಡಿಸಿದರೆ ಸುಕ್ಕುಗಟ್ಟುತ್ತದೆ. ಆದುದರಿಂದ ಕಾಗದದ ಬಿಲ್ಲೆಯೊಂದನ್ನು ಕೇಂದ್ರದವರೆಗೆ ಸೀಳಿ, ಸಣ್ಣ ಹೋಳನ್ನು ತೆಗೆದು, ಅಂಚುಗಳನ್ನು ಕೂಡಿಸಿ, ಆಳವಿಲ್ಲದ ಶಂಕುವನ್ನು ಮಾಡುವುದು ರೂಢಿ. ಮಾದರಿಯಲ್ಲಿ ಇದು ಕ್ಷಮ್ಯವೇ. ನಿಜವಾದ ಆಂಟೆನಾ ಮಾತ್ರ ಪರವಲಯಾಕಾರದ್ದು. ಭೂಮಿಯಿಂದ ಬರುವ ಕ್ಷೀಣ ಸಂಕೇತಗಳನ್ನು ಅದು ಒಂದೇ ಬಿಂದುವಿನಲ್ಲಿ ಕೂಡಿಸುತ್ತದೆ. ಶಂಕುವಾದರೋ ಅವನ್ನು ಒಂದು ಗೆರೆಯುದ್ದಕ್ಕೂ ಹರಡಿಬಿಡುತ್ತದೆ.