ತರಗತಿಗಾಗಿ ಬರೆದ ಒಂದು ಪ್ರಬಂಧ

ನಮ್ಮ ಮನೆಗಳ ಮಕ್ಕಳು ಉನ್ನತ ವ್ಯಾಸಂಗಕ್ಕೆಂದು ಅಮೆರಿಕೆಗೆ ತೆರಳುವುದು ಈಗ ವಿಶೇಷವೆನಿಸುವುದಿಲ್ಲ. ಆದರೆ ಪಿಎಚ್.ಡಿ. ಪದವಿಗೆ ಸೇರಿದವರು ಅಲ್ಲಿ ವರ್ಷಗಟ್ಟಲೆ ಏನು ಮಾಡುತ್ತಾರೆಂಬುದು ಮನೆಯ ಹಿರಿಯರಿಗೆ ಬಹುಮಟ್ಟಿಗೆ ಅಗಮ್ಯವಾಗಿಯೇ ಉಳಿಯುತ್ತದೆ. ಅರ್ಥಶಾಸ್ತ್ರದ ವಿದ್ಯಾರ್ಥಿ ಸೇರಿದ ದಿನವೇ ಮಹಾಪ್ರಬಂಧಕ್ಕೆ ಕೈಹಾಕುವುದಿಲ್ಲ. ಮೊದಲ ಒಂದೆರಡು ವರ್ಷ ತರಗತಿಗಳು, ಕಠಿನವಾದ ಅರ್ಹತಾ ಪರೀಕ್ಷೆಗಳು; ಅವುಗಳ ನಡುವೆ ಅಂಕಿಅಂಶಗಳನ್ನು ಆಧರಿಸಿ ಬರೆದೊಪ್ಪಿಸಲೇಬೇಕಾದ ತಾಂತ್ರಿಕ ಪ್ರಬಂಧಗಳು. ಇವುಗಳಲ್ಲಿ ಹೆಚ್ಚಿನವು ಗುರುಗಳ ಮೇಜನ್ನು ದಾಟಿ ಹೊರಗೆ ಬರುವುದಿಲ್ಲ. ಹಾಗೆ ದಾಟಿ ಬಂದ ಒಂದು ಪ್ರಬಂಧದ ವೃತ್ತಾಂತವನ್ನು ಓದುಗರ ಮುಂದಿಡುತ್ತಿದ್ದೇನೆ.

ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್‌ಹರ್ಸ್ಟ್ ಕೇಂದ್ರದಲ್ಲಿ ಥಾಮಸ್ ಹರ್ನ್‌ಡನ್ ಎಂಬ ತರುಣ ಡಾಕ್ಟರೇಟಿಗಾಗಿ ಓದುತ್ತಿದ್ದ. ಅರ್ಥಮಿತಿಶಾಸ್ತ್ರದ ತರಗತಿಯಲ್ಲಿ ಅವನಿಗೆ ದೊರೆತ ಕೆಲಸ ಇಷ್ಟೇ: ಪ್ರಕಟವಾದ ಯಾವುದಾದರೊಂದು ಸಂಶೋಧನ ಲೇಖನವನ್ನು ಆರಿಸಿಕೊಂಡು, ಅದೇ ಅಂಕಿಗಳಿಂದ ಅದೇ ಫಲಿತಾಂಶವನ್ನು ತಾನೂ ಪಡೆದು ತೋರಿಸಬೇಕು. ಹೊಸದನ್ನು ಕಂಡುಹಿಡಿಯುವ ಹೊರೆ ಇಲ್ಲ; ಹಿರಿಯರು ನಡೆದ ಹೆಜ್ಜೆಯಲ್ಲಿಯೇ ಹೆಜ್ಜೆಯಿಟ್ಟು ದಾರಿಯನ್ನು ಅರಿಯುವ ಅಭ್ಯಾಸವಿದು.

ಹರ್ನ್‌ಡನ್ ಆರಿಸಿಕೊಂಡದ್ದು ಹಾರ್ವರ್ಡ್‌ನ ಪ್ರಾಧ್ಯಾಪಕರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೊಗಾಫ್ 2010ರಲ್ಲಿ ಪ್ರಕಟಿಸಿದ ಲೇಖನವನ್ನು. ಸರ್ಕಾರದ ಸಾಲಕ್ಕೂ ದೇಶದ ಬೆಳವಣಿಗೆಗೂ ಇರುವ ಸಂಬಂಧ ಅದರ ವಸ್ತು. ದೇಶವೊಂದರ ಒಂದು ವರ್ಷದ ಉತ್ಪನ್ನ ನೂರು ರೂಪಾಯಿಯಾದರೆ ಸರ್ಕಾರದ ಸಾಲ ತೊಂಬತ್ತನ್ನು ಮೀರಿದೊಡನೆ ಬೆಳವಣಿಗೆ ಕುಸಿಯುತ್ತದೆಂದು ಅದು ತಿಳಿಸಿತ್ತು. 1946ರಿಂದ 2009ರವರೆಗಿನ ಅವಧಿಯಲ್ಲಿ 20 ಮುಂದುವರಿದ ದೇಶಗಳನ್ನು ನೋಡಿದಾಗ, ಅಷ್ಟು ಸಾಲವಿದ್ದ ಕಾಲದ ಸರಾಸರಿ ಬೆಳವಣಿಗೆ ಸೊನ್ನೆಗಿಂತಲೂ ಕೆಳಗೆ, ಶೇಕಡಾ 0.1ರಷ್ಟು ಇಳಿಕೆ ಎಂದಿತ್ತು. ಸಾಲದ ಭಯದಿಂದ ಸರ್ಕಾರಿ ವೆಚ್ಚವನ್ನು ಕಡಿತಗೊಳಿಸಬೇಕೆಂದು ವಾದಿಸುತ್ತಿದ್ದವರಿಗೆ ಈ ಅಂಕಿ ಬಲವಾದ ಊರುಗೋಲಾಯಿತು. ಬ್ರಿಟನ್ನಿನ ಜಾರ್ಜ್ ಆಸ್‌ಬೋರ್ನ್, ಅಮೆರಿಕದ ಪಾಲ್ ರಯಾನ್, ಯುರೋಪಿಯನ್ ಆಯೋಗದ ಓಲಿ ರೆಹ್ನ್ ಮೊದಲಾದವರು ಇವರ ಸಂಶೋಧನೆಯನ್ನು ಆಧಾರವಾಗಿ ಎತ್ತಿ ಹೇಳಿದರು. ವೆಚ್ಚ ಕಡಿತವೆಂದರೆ ಎಷ್ಟೋ ಮನೆಗಳ ಸಂಬಳ, ನಿವೃತ್ತಿವೇತನಗಳ ಮಾತು.

ಅಂಥ ಲೇಖನದ ಸರಾಸರಿ ಈ ವಿದ್ಯಾರ್ಥಿಯ ಕೈಗೆ ಬರಲೇ ಇಲ್ಲ. ಎಷ್ಟು ಸಲ ಲೆಕ್ಕ ಹಾಕಿದರೂ ಬೇರೆಯೇ ಅಂಕಿ. ತಪ್ಪು ತನ್ನದೇ ಇರಬೇಕೆಂದು ಅವನು ಭಾವಿಸಿದ. ಗುರುಗಳಾದ ಮೈಕೆಲ್ ಆಶ್ ಅವರೂ ಮೊದಲು ಹಾಗೆಯೇ ಭಾವಿಸಿ, ಇದು ಕಷ್ಟದ ಕೆಲಸವಲ್ಲ, ಸರಿಪಡಿಸಿಕೊಂಡು ಬಾ ಎಂದು ಕಳುಹಿಸಿದರು. ಅವಧಿ ಮುಗಿಯುತ್ತ ಬಂದರೂ ಒಗಟು ಬಿಡಿಸಲಾಗಲಿಲ್ಲ. ಅಂಕಗಳಿಗಾಗಿ ಬೇರೊಂದು ಸುಲಭದ ಲೇಖನವನ್ನು ಹಿಡಿಯುವುದು ಅವನಿಗೆ ಸಾಧ್ಯವಿತ್ತು. ಹಾಗೆ ಮಾಡದಿದ್ದುದೇ, ನನ್ನ ಎಣಿಕೆಯಲ್ಲಿ, ಈ ಕಥೆಯ ಮರ್ಮ. ವಿದ್ಯಾರ್ಥಿ ತಪ್ಪಿಲ್ಲವೆಂದು ಕ್ರಮೇಣ ಮನಗಂಡ ಗುರುಗಳಾದ ಆಶ್ ಮತ್ತು ರಾಬರ್ಟ್ ಪಾಲಿನ್ ಅವನ ಬೆನ್ನಿಗೆ ನಿಂತರು. 2013ರ ಏಪ್ರಿಲ್ ಆರಂಭದಲ್ಲಿ ಅವನು ಮೂಲ ಲೇಖಕರಿಗೇ ಪತ್ರ ಬರೆದು ಅವರ ಲೆಕ್ಕದ ಹಾಳೆಯನ್ನು ಬೇಡಿದ. ರೈನ್‌ಹಾರ್ಟ್ ಅದನ್ನು ಕಳುಹಿಸಿಕೊಟ್ಟರು. ತಮ್ಮ ಲೆಕ್ಕವನ್ನು ಅಪರಿಚಿತ ವಿದ್ಯಾರ್ಥಿಯ ಕೈಗೆ ಕೊಟ್ಟ ಆ ಔದಾರ್ಯವನ್ನು ಮರೆಯಲಾಗದು.

ಎಕ್ಸೆಲ್ ಹಾಳೆಯನ್ನು ತೆರೆದು ನೋಡಿದರೆ, ಸರಾಸರಿಯ ಸೂತ್ರ ಐದು ಸಾಲುಗಳಷ್ಟು ಮೊದಲೇ ನಿಂತುಬಿಟ್ಟಿತ್ತು. ಆಸ್ಟ್ರೇಲಿಯ, ಆಸ್ಟ್ರಿಯ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಲೆಕ್ಕದಿಂದ ಹೊರಗೆ! ಹಸ್ತಪ್ರತಿಗಳ ಪಾಠಶೋಧನೆಯಲ್ಲಿ ಕಣ್ಣು ಮಸುಕಾಗಿಸಿಕೊಂಡ ನನಗೆ ಇದು ಹೊಸತೆನಿಸಲಿಲ್ಲ. ಲಿಪಿಕಾರ ಎಷ್ಟೇ ಪಂಡಿತನಾದರೂ ಅವನ ಕಣ್ಣು ಒಂದು ಸಾಲಿನಿಂದ ಮುಂದಿನದಕ್ಕೆ ಜಾರಿ ನಡುವಿನದು ಬಿಟ್ಟುಹೋಗುವುದುಂಟು. ಇನ್ನೊಂದು ಪ್ರತಿಯೊಡನೆ ಹೋಲಿಸಿದಾಗಲೇ ಅದು ತಿಳಿಯುವುದು.

ಪತ್ರಿಕೆಗಳು ಈ ಸಾಲು ತಪ್ಪಿದ ಸಂಗತಿಯನ್ನೇ ದೊಡ್ಡದು ಮಾಡಿದವು. ವಾಸ್ತವವಾಗಿ ಅದರಿಂದಾದ ವ್ಯತ್ಯಾಸ ಶೇಕಡಾ 0.3ರಷ್ಟು ಮಾತ್ರ. ಹೆಚ್ಚಿನ ವ್ಯತ್ಯಾಸ ಬಂದದ್ದು ಬೇರೆಡೆಯಿಂದ. ಸಾಲ ತೊಂಬತ್ತನ್ನು ಮೀರಿದ್ದ ಬ್ರಿಟನ್ನಿನ 19 ವರ್ಷಗಳ ಸರಾಸರಿ ಬೆಳವಣಿಗೆ ಶೇಕಡಾ 2.4. ನ್ಯೂಜಿಲೆಂಡಿನದಾದರೋ 1951ರ ಒಂದೇ ವರ್ಷ ಲೆಕ್ಕಕ್ಕೆ ಬಂದಿತ್ತು. ಆ ವರ್ಷ ಅಲ್ಲಿನ ಉತ್ಪನ್ನ ಶೇಕಡಾ 7.6ರಷ್ಟು ಕುಸಿದಿತ್ತು. ದೇಶಕ್ಕೊಂದು ತೂಕವೆಂಬ ಕ್ರಮದಿಂದಾಗಿ ಆ ಒಂದು ವರ್ಷವೂ ಈ 19 ವರ್ಷಗಳೂ ಸಮನಾದವು. ಒಂದು ಮನೆಯ ಹತ್ತೊಂಬತ್ತು ವರ್ಷಗಳ ಆದಾಯವನ್ನು ಇನ್ನೊಂದು ಮನೆಯ ಒಂದು ಬರಗಾಲದ ವರ್ಷದೊಡನೆ ತಕ್ಕಡಿಗೆ ಹಾಕಿದಂತೆ. ನ್ಯೂಜಿಲೆಂಡಿನ 1946ರಿಂದ 1949ರವರೆಗಿನ ವರ್ಷಗಳನ್ನೂ ಸೇರಿಸಿದರೆ ಆ ದೇಶದ ಸರಾಸರಿ ಶೇಕಡಾ 2.6ರ ಏರಿಕೆಗೆ ತಿರುಗುತ್ತಿತ್ತು.

ಎಲ್ಲವನ್ನೂ ಸರಿಪಡಿಸಿದಾಗ 0.1ರ ಇಳಿಕೆಯ ಸ್ಥಾನದಲ್ಲಿ 2.2ರ ಏರಿಕೆ ಬಂದಿತು. ಮೂವರ ಹೆಸರಿನಲ್ಲಿ ಪ್ರಬಂಧ 2013ರ ಏಪ್ರಿಲ್ 15ರಂದು ಹೊರಬಿದ್ದಿತು. 2014ರಲ್ಲಿ ಕೇಂಬ್ರಿಜ್ ಜರ್ನಲ್ ಆಫ್ ಎಕನಾಮಿಕ್ಸ್ ಅದನ್ನು ಪ್ರಕಟಿಸಿತು. ಹಾರ್ವರ್ಡ್ ವಿದ್ವಾಂಸರು ಸಾಲು ತಪ್ಪಿದ್ದನ್ನು ಕೂಡಲೇ ಒಪ್ಪಿದರು. ಆದರೆ ವರ್ಷಗಳನ್ನು ಉದ್ದೇಶಪೂರ್ವಕವಾಗಿ ಬಿಟ್ಟಿಲ್ಲವೆಂದೂ, ಸಾಲ ಹೆಚ್ಚಿದಂತೆ ಬೆಳವಣಿಗೆ ತಗ್ಗುತ್ತದೆಂಬ ತಮ್ಮ ಮುಖ್ಯ ಮಾತು ನಿಲ್ಲುತ್ತದೆಂದೂ ಉತ್ತರಿಸಿದರು. ಅದೂ ಪೂರ್ತಿ ನಿರಾಧಾರವಲ್ಲ: ಹರ್ನ್‌ಡನ್ನನ ಲೆಕ್ಕದಲ್ಲಿಯೂ ಸಾಲ 60ರಿಂದ 90ರ ಒಳಗಿದ್ದಾಗ ಬೆಳವಣಿಗೆ 3.2, ಮೀರಿದಾಗ 2.2. ಇಳಿಜಾರು ಇದೆ, ಪ್ರಪಾತವಿಲ್ಲ. ಇಳಿಜಾರಿಗೂ ಕಾರಣ ಸಾಲವೋ, ಬೆಳವಣಿಗೆ ಕುಂಠಿತವಾದುದರಿಂದಲೇ ಸಾಲ ಏರಿತೋ ಎಂಬ ಚರ್ಚೆ ಮುಗಿದಿಲ್ಲ.

ಅಮೆರಿಕನ್ ಎಕನಾಮಿಕ್ ಅಸೋಸಿಯೇಷನ್ ತನ್ನ ಪತ್ರಿಕೆಗಳಿಗೆ ಬರುವ ಲೇಖನಗಳ ಅಂಕಿ ಮತ್ತು ಲೆಕ್ಕದ ಕ್ರಮಗಳನ್ನು ಪ್ರಕಟಣೆಗೆ ಮುನ್ನವೇ ಪರಿಶೀಲಿಸುವ ನಿಯಮವನ್ನು 2019ರಲ್ಲಿ ಜಾರಿಗೆ ತಂದಿತು. ಹರ್ನ್‌ಡನ್ ತನ್ನ ತರಗತಿಗಾಗಿ ಮಾಡಿದ ಕೆಲಸವನ್ನು ಈಗ ಅಲ್ಲಿ ಸಂಬಳ ಪಡೆಯುವವರು ಮಾಡುತ್ತಾರೆ.